ಹಾಸನ–ಮಂಗಳೂರು ರೈಲುಮಾರ್ಗ: ಸ್ಥಗಿತ ಮತ್ತು ಪುನರಾರಂಭ

ಪಶ್ಚಿಮಘಟ್ಟವನ್ನು ದಾಟಿ ಕರಾವಳಿಯನ್ನು ಒಳನಾಡಿಗೆ ಜೋಡಿಸುವ ಹಾಸನ–ಮಂಗಳೂರು ಮಾರ್ಗವು 1979ರಲ್ಲಿ ಮೀಟರ್ ಗೇಜ್‌ನಲ್ಲಿ, ಅಂದರೆ ಕಂಬಿಗಳ ನಡುವೆ 1,000 ಮಿ.ಮೀ. ಅಂತರವಿರುವ ಹಳಿಯ ರೂಪದಲ್ಲಿ, ಪೂರ್ಣಗೊಂಡಿತು. ಇದನ್ನು 1,676 ಮಿ.ಮೀ. ಅಂತರದ ಬ್ರಾಡ್ ಗೇಜ್‌ಗೆ ಪರಿವರ್ತಿಸುವ ಸಲುವಾಗಿ 1990ರ ದಶಕದ ಮಧ್ಯಭಾಗದಲ್ಲಿ ಘಟ್ಟದ ಸಂಚಾರವನ್ನು ನಿಲ್ಲಿಸಲಾಯಿತು. ಆದರೆ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ನಡುವಿನ ಸುಮಾರು 55 ಕಿ.ಮೀ. ಭಾಗದಲ್ಲಿ 57 ಸುರಂಗಗಳಿದ್ದು, ಪ್ರತಿ 50 ಮೀಟರಿಗೆ 1 ಮೀಟರ್ ಏರುವ ಕಡಿದಾದ ಇಳಿಜಾರೂ ಮಳೆಗಾಲದ ಭೂಕುಸಿತವೂ ಸೇರಿಕೊಂಡಿದ್ದರಿಂದ, ಕಾಮಗಾರಿಯು ಸುಲಭಸಾಧ್ಯವಾಗಿರಲಿಲ್ಲ. ರೈಲ್ವೆ ಇಲಾಖೆ ಮತ್ತು ಕರ್ನಾಟಕ ಸರ್ಕಾರಗಳ ಸಹಭಾಗಿತ್ವದ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿಯ ಮೂಲಕ ಪರಿವರ್ತನೆ ಮುಗಿದು, 2006ರಲ್ಲಿ ಸರಕು ರೈಲುಗಳೂ 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕ ರೈಲುಗಳೂ ಸಂಚಾರ ಆರಂಭಿಸಿದವು.