ಶ್ವಾಸಕೋಶದ ಕ್ಯಾನ್ಸರ್: ಕಾರಣಗಳು ಮತ್ತು ಉದ್ಯಮಿಗಳ ಹೊಣೆ

ಸಾಲವು ಒಂದೇ ದಿನದಲ್ಲಿ ಬೆಳೆಯುವುದಿಲ್ಲ. ಬಡ್ಡಿ ಕೂಡುತ್ತ ಅಸಲನ್ನು ಮೀರುತ್ತದೆ. ಶ್ವಾಸಕೋಶದ ಕ್ಯಾನ್ಸರಿನ ಕ್ರಮವೂ ಇದೇ. ಉಸಿರಿನೊಡನೆ ಒಳಸೇರುವ ಹೊಗೆ ಹಾಗೂ ಧೂಳು ಜೀವಕೋಶಗಳಿಗೆ ಮಾಡುವ ಹಾನಿಯು ಹತ್ತಾರು ವರ್ಷ ಸಂಚಯವಾಗಿ ರೋಗರೂಪ ತಾಳುತ್ತದೆ. ಈ ಕಾರಣಗಳಲ್ಲಿ ಹಲವು ಅಂಗಡಿ, ಗೋದಾಮು, ಕಾರ್ಖಾನೆಗಳಲ್ಲಿಯೇ ಇರುವುದರಿಂದ ಆಳಂದ, ಅಫಜಲಪುರ ಹಾಗೂ ಜೇವರ್ಗಿಯ ವರ್ತಕ ಬಾಂಧವರು ಇವನ್ನು ಅರಿತಿರುವುದು ಅಗತ್ಯ.

1. ತಂಬಾಕಿನ ಹೊಗೆ: ಇದೇ ಪ್ರಧಾನ ಕಾರಣ. ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫೋರ್ಡ್ ಹಿಲ್ ಅವರು 1950ರಲ್ಲಿಯೇ ಈ ಸಂಬಂಧವನ್ನು ತೋರಿಸಿದರು. ಸಿಗರೇಟು ಸೇದುವವರಿಗೆ ಅಪಾಯವು ಸೇದದವರಿಗಿಂತ 15ರಿಂದ 30 ಪಟ್ಟು ಹೆಚ್ಚು. ಬೀಡಿ ನಿರಪಾಯಕರವೆಂಬ ನಂಬಿಕೆ ತಪ್ಪು. ದಿನಕ್ಕೆ ಎಷ್ಟು ಎಂಬುದಕ್ಕಿಂತ ಎಷ್ಟು ವರ್ಷ ಸೇದಿದರೆಂಬುದು ಹೆಚ್ಚು ನಿರ್ಣಾಯಕ. ತ್ಯಜಿಸಿದ 10ರಿಂದ 15 ವರ್ಷಗಳಲ್ಲಿ ಅಪಾಯವು ಅರ್ಧಕ್ಕಿಳಿಯುತ್ತದೆ. ಪಕ್ಕದಲ್ಲಿ ಕುಳಿತ ಗುಮಾಸ್ತ, ಹಮಾಲರಿಗೂ ಆ ಹೊಗೆ ಹಾನಿಕರ. 2003ರ ಕೇಂದ್ರ ಕಾಯಿದೆಯು ಕೆಲಸದ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದೆ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ದಂಡವನ್ನು ರೂ. 1,000ದವರೆಗೆ ಏರಿಸಿ, 21 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನು ನಿಷೇಧಿಸಿದೆ. ಕಿರಾಣಿ ವರ್ತಕರು ಗಮನಿಸಬೇಕು.

2. ಸಿಲಿಕಾ ಧೂಳು: ಗ್ರಾನೈಟ್ ಕೊಯ್ಯುವಾಗ, ಟೈಲ್ಸ್ ಕತ್ತರಿಸುವಾಗ, ಮರಳಿನ ಕೆಲಸದಲ್ಲಿ ಏಳುವ ಸೂಕ್ಷ್ಮ ಸಿಲಿಕಾ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಹೊರಬಾರದೆ ಉಳಿಯುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಇದನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ತೊಗರಿ ದಾಲ್‌ಮಿಲ್ಲಿನ ಧೂಳು ಆ ಪಟ್ಟಿಯಲ್ಲಿಲ್ಲ. ಆದರೆ ಅದೂ ದಮ್ಮು, ಕೆಮ್ಮುಗಳಿಗೆ ಕಾರಣವಾಗಬಲ್ಲದು.

3. ಆಸ್‌ಬೆಸ್ಟಾಸ್: ಗೋದಾಮಿನ ಹಳೆಯ ಸಿಮೆಂಟ್ ಶೀಟುಗಳನ್ನು ಕತ್ತರಿಸುವಾಗ, ತೂತು ಕೊರೆಯುವಾಗ ಇದರ ಎಳೆಗಳು ಗಾಳಿಗೆ ಸೇರುತ್ತವೆ. ಧೂಮಪಾನವೂ ಜೊತೆಗೂಡಿದರೆ ಅಪಾಯ ಹಲವು ಪಟ್ಟಾಗುತ್ತದೆ.

4. ಡೀಸೆಲ್ ಹೊಗೆ: ಇದನ್ನು 2012ರಲ್ಲಿ, ಹೊರಗಣ ವಾಯುಮಾಲಿನ್ಯವನ್ನು 2013ರಲ್ಲಿ ಅದೇ ಪಟ್ಟಿಗೆ ಸೇರಿಸಲಾಯಿತು. ಜನರೇಟರನ್ನು ಮುಚ್ಚಿದ ಕೋಣೆಯಲ್ಲಿ ನಡೆಸಬಾರದು. ಲಾರಿಗಳು ಸರಕು ಇಳಿಸುವಾಗ ಎಂಜಿನ್ ನಿಲ್ಲಿಸಬೇಕು.

ಧೂಮಪಾನ ಮಾಡದವರಿಗೂ ಈ ರೋಗ ಬರುವುದುಂಟು. ಕುಟುಂಬದ ಹಿನ್ನೆಲೆಯೂ ಒಂದು ಅಂಶ.

ಪರಿಹಾರಗಳು ದುಬಾರಿಯಲ್ಲ. ಕಲ್ಲನ್ನು ನೀರು ಹಾಯಿಸುತ್ತ ಕೊಯ್ದರೆ ಧೂಳು ಬಹುಪಾಲು ಅಡಗುತ್ತದೆ. ಮುಖಕ್ಕೆ ಕಟ್ಟಿದ ಬಟ್ಟೆಯು ಸೂಕ್ಷ್ಮ ಕಣಗಳನ್ನು ತಡೆಯದು. ತಕ್ಕ ಮಾಸ್ಕ್ ಬೇಕು. ಧೂಳು ಹೀರುವ ಯಂತ್ರವು ಬಂಡವಾಳ ವೆಚ್ಚವಾದ್ದರಿಂದ ಅದಕ್ಕೆ ಸವಕಳಿ ದೊರೆಯುತ್ತದೆ. ಮಾಸ್ಕ್, ಕಾರ್ಮಿಕರ ತಪಾಸಣೆಗಳು ಆಯಾ ವರ್ಷದ ವ್ಯವಹಾರದ ಖರ್ಚು. ನುರಿತ ಕೆಲಸಗಾರನೊಬ್ಬನ ನಷ್ಟವನ್ನು ಯಾವ ಲೆಕ್ಕಪತ್ರವೂ ತುಂಬಿಕೊಡಲಾರದು.

ಮೂರು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಎಚ್ಚರಿಕೆಯ ಚಿಹ್ನೆಗಳು. ಇವು ಕ್ಷಯದ ಲಕ್ಷಣಗಳೂ ಆಗಿರುವುದರಿಂದ ಕ್ಷಯವೆಂದೇ ಭಾವಿಸಿ ಅಮೂಲ್ಯ ತಿಂಗಳುಗಳು ಕಳೆದುಹೋಗುವುದುಂಟು. ಕಫ ಪರೀಕ್ಷೆಯಲ್ಲಿ ಕ್ಷಯ ದೃಢಪಡದಿದ್ದರೆ, ಅಥವಾ ಔಷಧಿಯಿಂದ ಗುಣ ಕಾಣದಿದ್ದರೆ, ಮುಂದಿನ ತಪಾಸಣೆಗೆ ತಡಮಾಡಬಾರದು. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಕೇಂದ್ರವು ಕಲಬುರಗಿಯಲ್ಲಿಯೇ ಇದೆ. ಮಾಲೀಕರು ಕೆಮ್ಮುವ ಕೆಲಸಗಾರನಿಗೆ ಸಂಬಳ ಕಡಿಯದೆ ಒಂದು ದಿನದ ರಜೆ ಕೊಟ್ಟು ಕಳುಹಿಸಿದರೆ, ಒಂದು ಜೀವ ಉಳಿಯಬಹುದು.