ಹಾರೆಯ ಸದ್ದು

ನೆಲದಡಿಯ ಗಣಿಯಲ್ಲಿ ಮೇಟ್ (ತಂಡದ ಮೇಲ್ವಿಚಾರಕ) ಆಗಿ ಸೇರಿ ಫೋರ್‌ಮನ್ ಆಗಿ ನಿವೃತ್ತನಾದವನು ನಾನು. 'ಕೆಲಸಕ್ಕೆ ಜನ ಸಿಗ್ತಿಲ್ಲ' ಎಂಬ ಗೊಣಗಾಟ ಕೊನೆಯ ಹತ್ತು ವರ್ಷ ನನ್ನ ಕಿವಿ ಬಿಡಲಿಲ್ಲ. ಗೇಟಿನ ಮುಂದೆ ಅರ್ಜಿ ಹಿಡಿದು ನಿಂತವರ ಸಾಲು ಮಾತ್ರ ಎಂದೂ ಕರಗಲಿಲ್ಲ. ಆಳು ಉಳಿಯಲು ಏನು ಬೇಕೆಂದು ನಾನು ಕಲಿತದ್ದು ಇಷ್ಟು.

1. ಜನ ಬೇರೆ, ಪಳಗಿದ ಕೈ ಬೇರೆ.
ಸಿಡಿತ ಮುಗಿದ ಮೇಲೆ ಮೊದಲು ಒಳಹೋದವನು ಚಾವಣಿಯ ಕಲ್ಲಿಗೆ ಹಾರೆ ತಾಗಿಸಿ ಕೇಳಬೇಕು. ಗಟ್ಟಿ ಕಲ್ಲು ಗಣ್ ಎನ್ನುತ್ತದೆ. ಸಡಿಲಾದದ್ದು ಒಡೆದ ಗಡಿಗೆಯ ಹಾಗೆ ಬೊದ್ ಎನ್ನುತ್ತದೆ. ನಡುವಿನ ಸದ್ದುಗಳೇ ಕೊಲ್ಲುವಂಥವು. ಅವನ್ನು ಹಿಡಿಯಲು ನನಗೆ ಎರಡು ವರ್ಷ ಬೇಕಾಯಿತು. ಕಲಿಸಿದವರು ಕೋಲಾರದ ಚಿನ್ನದ ಗಣಿಯಿಂದ ಬಂದ ಹಿರಿಯರು. "ತಂಬಿ, ಕಲ್ಲು ಮಾತಾಡ್ತದೆ, ನೀನು ಸುಮ್ನಿರು" ಎನ್ನುತ್ತಿದ್ದರು. 3 ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದಿದ್ದ ಆ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅವರ ಜೊತೆಗಾರರು ಕೆಲವರು ಬೆಂಗಳೂರಿಗೆ ರೈಲು ಹತ್ತಿ ಸೆಕ್ಯುರಿಟಿ ಕೆಲಸ ಹಿಡಿದರು. ಅಂಥ ಕಿವಿಗಳು ಗೇಟಿನ ಬಳಿ ಕಾವಲು ಕೂತವು.

2. ಪರೀಕ್ಷೆಗೆ ರಜೆ ಕೊಡಿ.
ಬಂಡೆ ಸಿಡಿಸುವ ಬ್ಲಾಸ್ಟರ್, ಮೇಟ್, ಆಳುಗಳ ಕೇಜ್ ಇಳಿಸಿ ಎತ್ತುವ ವೈಂಡಿಂಗ್ ಎಂಜಿನ್ ಡ್ರೈವರ್, ಇವರಿಗೆಲ್ಲ ಕಾನೂನಿನ ಪ್ರಕಾರ ಸರ್ಟಿಫಿಕೇಟು ಬೇಕು. ಡ್ರೈವರ್ ಒಬ್ಬ ಬಾರದಿದ್ದರೆ ಇಡೀ ಪಾಳಿ ಮೇಲೆಯೇ ನಿಲ್ಲುತ್ತದೆ. ಇಷ್ಟು ಗೊತ್ತಿದ್ದೂ ಒಬ್ಬ ಚೂಟಿ ಡ್ರಿಲ್ಲರ್‌ಗೆ ಬ್ಲಾಸ್ಟರ್ ಪರೀಕ್ಷೆಯ ದಿನ ನಾನು ರಜೆ ಕೊಡಲಿಲ್ಲ. ಪಾಳಿಗೆ ಆಳು ಕಡಿಮೆ ಬೀಳುತ್ತದೆ ಎಂಬ ಲೆಕ್ಕ ನನ್ನದು. ಆರು ತಿಂಗಳಲ್ಲಿ ಅವನು ಸುರಂಗದ ಗುತ್ತಿಗೆದಾರನ ಕಡೆ ಹೋದ. ಒಂದು ದಿನ ಉಳಿಸಲು ಹೋಗಿ ಆಳನ್ನೇ ಕಳೆದುಕೊಂಡೆ.

3. ಪಗಾರ ಮುಖ್ಯ, ಆದರೆ ಅದೊಂದೇ ಅಲ್ಲ.
ಕಾಯಂ ಆದವನೂ ಗುತ್ತಿಗೆಯವನೂ ಒಂದೇ ಬಂಡೆ ಕೊರೆದು ಬೇರೆ ಬೇರೆ ಪಗಾರ ಎಣಿಸುವಾಗ ಕೆಲಸದ ತೃಪ್ತಿಯ ಮಾತೆತ್ತಲು ನನಗೇ ನಾಚಿಕೆಯಾಗುತ್ತಿತ್ತು. ಬಿಟ್ಟು ಹೋದವರು ಹೇಳಿಕೊಂಡದ್ದು ಬೇರೆಯೂ ಇತ್ತು: ಊರ ಜಾತ್ರೆಗೆ ಸಿಗದ ರಜೆ, ಹಿಂದಿನ ರಾತ್ರಿ ಬದಲಾಗುವ ಪಾಳಿ. ಒಬ್ಬನಂತೂ "ಗಣಿಯವನು ಅಂದ್ರೆ ಹೆಣ್ಣು ಕೊಡೋರಿಲ್ಲ ಸರ್" ಎಂದ. ಅದಕ್ಕೆ ಯಾವ ಭತ್ಯೆ ಕೊಡೋಣ?

4. ಗಡಿಯಾರ ನೋಡಿ.
ನೆಲದಡಿ ದಿನಕ್ಕೆ 8 ಗಂಟೆ, ವಾರಕ್ಕೆ 48, ಇದು 1952ರ ಗಣಿ ಕಾಯ್ದೆ ಹಾಕಿದ್ದ ಮಿತಿ. ಮೇಲೆ ಬರಲು ಕೇಜ್‌ಗೆ ಕಾಯುವ ಅರ್ಧ ಗಂಟೆ ದಣಿದವನಿಗೆ ಇನ್ನೊಂದು ಪಾಳಿ.

5. ಡ್ರಿಲ್‌ಗೆ ಹಾಯಿಸುವ ನೀರು ನಿಲ್ಲಿಸಬೇಡಿ.
ಒಣ ಡ್ರಿಲ್ಲಿಂಗ್‌ನ ಧೂಳು ಪುಪ್ಪುಸಕ್ಕೆ ಇಳಿದರೆ ತಿರುಗಿ ಬರುವುದಿಲ್ಲ.

6. ಹೆಣ್ಣುಮಕ್ಕಳೂ ಬರಲಿ.
2019ರಲ್ಲಿ ತಾಂತ್ರಿಕ ಮತ್ತು ಮೇಲ್ವಿಚಾರಣೆ ಕೆಲಸಕ್ಕೆ ಮಹಿಳೆಯರು ನೆಲದಡಿ ಇಳಿಯಲು ಅನುಮತಿ ಸಿಕ್ಕಿತು. ಒಬ್ಬ ಎಂಜಿನಿಯರಮ್ಮ ಬರುತ್ತಾರೆ ಎಂದಾಗ ಕೆಳಗೆ ಶೌಚಾಲಯ ಕಟ್ಟಿದರು. ಅಲ್ಲಿಯವರೆಗೆ ನಮಗೂ ಅದು ಬೇಕಿತ್ತು ಎಂದು ಯಾರಿಗೂ ಹೊಳೆದಿರಲಿಲ್ಲ.

ಈಚೆಗೆ ಆ ಡ್ರಿಲ್ಲರ್ ಫೋನ್ ಮಾಡಿದ್ದ. ಸುರಂಗದ ಕೆಲಸ ಮುಗಿಯಿತಂತೆ. "ಬ್ಲಾಸ್ಟರ್ ಪರೀಕ್ಷೆ ಮತ್ತೆ ಯಾವಾಗ ಸರ್?" ಎಂದು ಕೇಳಿದ.