ಕೊಂಡುಕುರಿಯ ಕಣ್ಣಿಗೇ ಫೋಕಸ್ ಬೀಳಲಿ

ಜಗಳೂರಿನ ಓದುಗರೇ, ರಂಗಯ್ಯನದುರ್ಗದಲ್ಲಿ ಕೊಂಡುಕುರಿಯ ಕಣ್ಣಿಗೆ ಗುರಿಯಿಟ್ಟರೂ ಅದರ ಹಿಂದಿನ ಕುರುಚಲು ಗಿಡವೇ ಸ್ಪಷ್ಟವಾಗಿ ಬರುತ್ತಿದೆ ಎಂದು ಬರೆದಿದ್ದೀರಿ. ಲೆನ್ಸ್ ಮಾರುವ ಯೋಚನೆ ಸದ್ಯಕ್ಕೆ ಬೇಡ.

ನಿಮ್ಮ ನಿಕಾನ್ ಡಿ7500 ಕ್ಯಾಮೆರಾದಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಚಿತ್ರ ದಾಖಲಿಸುವ ಸೆನ್ಸರ್ ಬೇರೆ. ಕನ್ನಡಿಯಿಂದ ಫೋಕಸ್ ಸೆನ್ಸರಿಗೆ ಹೋಗುವ ಬೆಳಕಿನ ದಾರಿಗೂ ಚಿತ್ರದ ಸೆನ್ಸರಿಗೆ ನೇರವಾಗಿ ಹೋಗುವ ದಾರಿಗೂ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಫೋಕಸ್ ಹಿಂದಕ್ಕೋ ಮುಂದಕ್ಕೋ ಜಾರುತ್ತದೆ. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ತೊಂದರೆ ಕಡಿಮೆ, ಅಲ್ಲಿ ಎರಡೂ ಕೆಲಸ ಒಂದೇ ಸೆನ್ಸರಿನದು.

ಬೆಳಗಿನ ತಂಪಿನಲ್ಲೇ ಪರೀಕ್ಷಿಸಿ. ಮಧ್ಯಾಹ್ನ ನಿಮ್ಮ ಬಯಲಿನಲ್ಲಿ ನೆಲದಿಂದೇಳುವ ಬಿಸಿಗಾಳಿಯೇ ಚಿತ್ರವನ್ನು ಮಸುಕಾಗಿಸುತ್ತದೆ, ಅದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ. ಟ್ರೈಪಾಡ್ ಹೂಡಿ, ನೀವು ಸಾಮಾನ್ಯವಾಗಿ ಪ್ರಾಣಿ ತೆಗೆಯುವಷ್ಟೇ ದೂರದಲ್ಲಿ ದಪ್ಪ ಅಕ್ಷರದ ಕಾಗದ ಅಂಟಿಸಿ. ಅಪರ್ಚರ್ ಪೂರ್ತಿ ತೆರೆದು, ನಡುವಿನ ಒಂದೇ ಫೋಕಸ್ ಬಿಂದುವಿನಿಂದ ಕೆಲವು ಫೋಟೊ ತೆಗೆಯಿರಿ. ಪ್ರತಿ ಸಲವೂ ಮೊದಲು ಫೋಕಸ್ ಕೆಡಿಸಿಕೊಳ್ಳಿ. ಬಳಿಕ, ಚಿತ್ರದ ಸೆನ್ಸರೇ ಫೋಕಸ್ ಅಳೆಯುವ ಲೈವ್ ವ್ಯೂನಲ್ಲೂ ತೆಗೆದು ಹೋಲಿಸಿ. ಎರಡೂ ಮಸುಕಾಗಿದ್ದರೆ ದೋಷ ಬೇರೆಡೆ ಇದೆ; ಲೈವ್ ವ್ಯೂ ಚಿತ್ರ ಮಾತ್ರ ಚುರುಕಾಗಿದ್ದರೆ ಕ್ಯಾಮೆರಾ ಮೆನುವಿನಲ್ಲಿ ಫೋಕಸ್ ತಿದ್ದುವ ಎಎಫ್ ಫೈನ್-ಟ್ಯೂನ್ ತೆರೆಯಿರಿ.

ಅಳತೆ ಮೈನಸ್ 20ರಿಂದ ಪ್ಲಸ್ 20ರವರೆಗಿದೆ. ನಿಮ್ಮ ಫೋಕಸ್ ಹಿಂದಕ್ಕೆ ಬೀಳುತ್ತಿರುವುದರಿಂದ ಮೈನಸ್ ಕಡೆಗೆ ಐದೈದಾಗಿ ಸರಿಸಿ, ಸರಿಯಾದ ಫೋಕಸ್‌ಗೆ ಹತ್ತಿರ ಬಂದ ಮೇಲೆ ಒಂದೊಂದಾಗಿ. ಜೂಮ್ ಲೆನ್ಸಿಗೆ ಒಂದೇ ಸಂಖ್ಯೆ ಉಳಿಯುತ್ತದೆ, ಹಾಗಾಗಿ ನೀವು ಹೆಚ್ಚು ಬಳಸುವ ಫೋಕಲ್ ಉದ್ದದಲ್ಲೇ ಹೊಂದಿಸಿ. ಚನ್ನಗಿರಿಯ ಸೂಳೆಕೆರೆಗೆ ಹಕ್ಕಿ ನೋಡಲು ಬೇರೆ ಲೆನ್ಸ್ ಒಯ್ಯುವುದಾದರೆ ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು.